ಊರ ಹೋರಿಯ ಬೀಜವನ್ನು ಪರೀಕ್ಷಿಸುವವರು ಯಾರು?

ಬಿತ್ತಿದಂತೆ ಬೆಳೆ ಎಂಬ ಮಾತನ್ನು ನಮ್ಮ ಸೀಮೆಯ ಒಕ್ಕಲಿಗರಿಗೆ ಹೊಸದಾಗಿ ಕಲಿಸಬೇಕಾದುದಿಲ್ಲ. ಗದಗ-ಬೆಟಗೇರಿಯ ಸುತ್ತಣ ಎರೆಹೊಲಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯ ಹೊಲಗಳಲ್ಲಾಗಲಿ, ಬೀಜದ ಜೋಳವನ್ನು ತೆನೆಯಲ್ಲಿರುವಾಗಲೇ ಆರಿಸಿ, ಬೇರೆಯಾಗಿ ಒಕ್ಕಿ, ಹುಳ ಬೀಳದಂತೆ ಜೋಪಾನ ಮಾಡುವ ಮನೆತನಗಳು ಇನ್ನೂ ಇವೆ. ಬೀಜದ ವಿಷಯದಲ್ಲಿ ಸಂಶಯ ಹುಟ್ಟಿದರೆ ನೂರು ಕಾಳುಗಳನ್ನು ಒದ್ದೆಯ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂಬುದನ್ನು ಎಣಿಸಿ ನೋಡುವ ವಾಡಿಕೆಯೂ ಉಂಟು. ಕಾಳು ನೋಡಲಿಕ್ಕೆ ದುಂಡಗೆ, ಹೊಳಪಾಗಿ ಇದ್ದ ಮಾತ್ರಕ್ಕೆ ಮೊಳೆಯುವದೆಂದು ಯಾವ ಜಾಣನೂ ನಂಬುವದಿಲ್ಲ.

ಆದರೆ ಇದೇ ಜಾಣತನವು ದನದ ಕೊಟ್ಟಿಗೆಯ ಬಾಗಿಲವರೆಗೆ ಬಂದು ನಿಂತುಬಿಡುವದು. ಊರ ಆಕಳುಗಳಿಗೆಲ್ಲ ತಂದೆಯಾಗತಕ್ಕ ಹೋರಿಯನ್ನಾಗಲಿ, ಹಟ್ಟಿಯ ಕುರಿಗಳಿಗೆಲ್ಲ ತಂದೆಯಾಗತಕ್ಕ ಟಗರನ್ನಾಗಲಿ ಆರಿಸುವಾಗ ನಾವು ಹಿಣಿಲು, ಕೊಂಬು, ಬಣ್ಣ, ನಡಿಗೆ, ಗುಟುರು ಇಷ್ಟನ್ನೇ ನೋಡುತ್ತೇವೆ. ಬೀಜವನ್ನು ನೋಡುವವರಿಲ್ಲ. ಆಕಳು ಎರಡು ಮೂರು ಸಲ ಬೆದೆಗೆ ಬಂದು ಗಬ್ಬವಾಗದೆ ಹೋದರೆ ಕೂಡಲೇ ಅದು ಗೊಡ್ಡೆಂದು ಹೆಸರಾಗಿ, ಮುಂದಿನ ಸಂತೆಯಲ್ಲಿ ಅರ್ಧ ಬೆಲೆಗೆ ಹೋಗುವದು. ತಪ್ಪು ಹೋರಿಯದೋ ಆಕಳದೋ ಎಂದು ಕೇಳುವವರು ವಿರಳ. ಈ ಲೆಕ್ಕವನ್ನಾದರೂ ಯೋಚಿಸಬೇಕು: ಒಂದು ಆಕಳು ಗೊಡ್ಡಾದರೆ ಒಂದು ಕರು ಹೋಯಿತು, ಒಂದು ಹೋರಿಯ ಬೀಜ ಕೆಟ್ಟರೆ ಊರಿನ ಒಂದು ವರ್ಷದ ಕರುಗಳೆಲ್ಲವೂ ಹೋದವು. ಆದುದರಿಂದ ಹೋರಿಯ ಬೀಜಪರೀಕ್ಷೆಯು ಒಬ್ಬೊಬ್ಬರ ಮನೆಯ ಕೆಲಸವಾಗಿರದೆ ಊರಿನ ಕೆಲಸವಾಗಬೇಕೆಂಬುದೇ ಈ ಲೇಖನದ ಅಭಿಪ್ರಾಯ. ನಾನು ಪಶುವೈದ್ಯನಲ್ಲ, ಒಕ್ಕಲುತನದ ಖಾತೆಯಲ್ಲಿ ಬೀಜದ ಮಾತನ್ನಾಡುತ್ತ ಬಂದವನು. ಆ ದೃಷ್ಟಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹೋರಿಯನ್ನು ಆರಿಸುವ ವಿದ್ಯೆಯಲ್ಲಿ ನಮ್ಮ ಸೀಮೆಯು ಹಿಂದುಳಿದದ್ದೇನೂ ಅಲ್ಲ. ಶಿರಹಟ್ಟಿಯು 1948ರಲ್ಲಿ ವಿಲೀನವಾಗುವವರೆಗೆ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಮರಾಠಾ ಸಂಸ್ಥಾನಿಕರು, ಅವರಲ್ಲಿಯೂ ಮುಖ್ಯವಾಗಿ ಸಾಂಗಲಿಯ ರಾಜರು, ಗೀರ, ಓಂಗೋಲು, ಕಾಂಕ್ರೇಜ ಮುಂತಾದ ಹೋರಿಗಳನ್ನು ತರಿಸಿ ಊರ ದನಗಳೊಡನೆ ಕೂಡಿಸಿದ್ದರಿಂದ ಕೃಷ್ಣಾತೀರದ ತಳಿಯು ಹುಟ್ಟಿತು. ಜಿಗುಟಾದ ಎರೆಯಲ್ಲಿ ಭಾರವಾದ ರಂಟೆಯನ್ನು ಎಳೆಯಬಲ್ಲ ಎತ್ತು ಬೇಕಾಗಿತ್ತು. ಆ ಎತ್ತನ್ನು ಕಣ್ಣಿಟ್ಟು ಆರಿಸಿ ಪಡೆದರು. ಅನಂತರ 1933ರ ಮುಂಬಯಿ ಪ್ರಾಂತದ ಪಶುಸುಧಾರಣೆಯ ಕಾಯದೆಯು, ಯೋಗ್ಯವಲ್ಲದ ಹೋರಿಗಳ ಬೀಜ ಒಡೆಯಿಸಲು ಅಧಿಕಾರ ಕೊಟ್ಟಿತು. ಈ ಪ್ರಯತ್ನಗಳೆಲ್ಲವೂ ಸ್ತುತ್ಯವಾದವುಗಳೇ. ಆದರೆ ಅವೆಲ್ಲ ನೋಡಿದ್ದು ಹೋರಿಯ ಮೈಕಟ್ಟನ್ನು ಮತ್ತು ಕುಲವನ್ನು. ಆ ಕುಲವನ್ನು ಮುಂದಿನ ಕರುವಿಗೆ ಮುಟ್ಟಿಸುವ ಸಾಮರ್ಥ್ಯವು ಹೋರಿಗೆ ಇದೆಯೇ ಎಂಬುದು ಬೇರೊಂದು ಪ್ರಶ್ನೆ. ಕೃಷ್ಣಾತೀರದ ಶುದ್ಧ ಹೋರಿಗಳೇ ವಿರಳವಾಗಿರುವ ಈ ಕಾಲದಲ್ಲಿ ಆ ಪ್ರಶ್ನೆಯ ತೂಕ ಇನ್ನೂ ಹೆಚ್ಚಾಗಿದೆ.

ಈ ಪ್ರಶ್ನೆಯನ್ನು ಅರಿಯಬೇಕಾದರೆ ಬೀಜವು ಹೇಗೆ ಹುಟ್ಟುವದೆಂಬುದನ್ನು ತುಸು ತಿಳಿದುಕೊಳ್ಳಬೇಕು. ಹೋರಿಯ ವೃಷಣದಲ್ಲಿ ಮೂಲಕಣವೊಂದು ಒಡೆದು, ಇಮ್ಮಡಿ ನಾಲ್ಮಡಿಯಾಗಿ ಬೆಳೆದು, ಕೊನೆಗೆ ತಲೆ-ಬಾಲಗಳುಳ್ಳ ವೀರ್ಯಾಣುವಾಗಲು ಸುಮಾರು 61 ದಿನಗಳು ಹಿಡಿಯುವವು. ಅಲ್ಲಿಂದ ಹೊರಬಂದ ವೀರ್ಯಾಣುವು ವೃಷಣಕ್ಕೆ ಅಂಟಿದ ಸುರುಳಿಯ ನಾಳದಲ್ಲಿ ಮತ್ತೆ ಎಂಟು ಹತ್ತು ದಿನ ಸಾಗಿ, ಈಜುವ ಶಕ್ತಿಯನ್ನು ಪಡೆಯುವದು. ಟಗರಿನಲ್ಲಿ ಮೊದಲನೆಯ ಕೆಲಸಕ್ಕೆ ಸುಮಾರು 47 ದಿನ, ಎರಡನೆಯದಕ್ಕೆ ಸುಮಾರು ಎರಡು ವಾರ. ಅಂದರೆ ಇಂದು ಹೋರಿಯು ಕೊಟ್ಟ ಬೀಜವು ಇಂದಿನದಲ್ಲ. ಅದು ಎರಡು ತಿಂಗಳಿಗೂ ಹಿಂದೆ ಬಿತ್ತಿದ ಬೆಳೆ.

ಈ ಎರಡು ತಿಂಗಳ ಕೆಲಸವನ್ನು ನಡೆಯಿಸುವವರಾರು? ಗೌಡಕಿಯ ಮನೆತನದವರಿಗೆ ದಫ್ತರದ ರೀತಿ ಗೊತ್ತಿದ್ದದ್ದೇ; ಅದರಿಂದಲೇ ಹೇಳುತ್ತೇನೆ. ಪ್ರತಿಯೊಂದು ಜೀವಕಣದ ನಡುವೆ ಡಿಎನ್‌ಎ ಎಂಬ ಮೂಲ ದಫ್ತರವಿದೆ. ಮೂಲ ಕಾಗದವು ಹೊರಗೆ ಬರುವದಿಲ್ಲ. ಬೇಕಾದ ಹುಕುಮಿನ ನಕಲು ಮಾತ್ರ ಹೊರಬೀಳುವದು. ಆ ನಕಲಿಗೆ ಆರ್‌ಎನ್‌ಎ ಎಂದು ಹೆಸರು. ನಕಲನ್ನು ಓದಿ ಅದರಂತೆ ಪ್ರೋಟೀನು, ಅಂದರೆ ಸಸಾರಜನಕ, ತಯಾರಾಗುವದು. ಕಣದ ಕೆಲಸವನ್ನೆಲ್ಲ ಮಾಡುವದು ಈ ಪ್ರೋಟೀನು. ಆದರೆ ವೀರ್ಯಾಣುವಿನ ಕಾರ್ಖಾನೆಯಲ್ಲಿ ಒಂದು ವಿಶೇಷ ತೊಡಕಿದೆ. ವೀರ್ಯಾಣುವು ಹಗುರಾಗಿ ಈಜಬೇಕಾದುದರಿಂದ ಅದರ ತಲೆಯಲ್ಲಿ ಮೂಲ ದಫ್ತರವನ್ನು ಬಿಗಿಯಾಗಿ ಗಂಟುಕಟ್ಟಿ ಇಡಬೇಕಾಗುವದು. ಗಂಟು ಬಿಗಿದ ಮೇಲೆ ಅದರಿಂದ ಒಂದು ನಕಲನ್ನೂ ತೆಗೆಯಲು ಬರುವದಿಲ್ಲ. ಕಚೇರಿ ಮುಚ್ಚಿತು, ಕೆಲಸ ಮಾತ್ರ ಇನ್ನೂ ಉಳಿದಿದೆ. ಹೀಗಾಗಿ, ಮುಂದೆ ಬೇಕಾಗುವ ಹುಕುಮುಗಳ ನಕಲನ್ನೆಲ್ಲ ಮುಂಚಿತವಾಗಿಯೇ ತೆಗೆದು, ಮೊಹರು ಮಾಡಿ, ತಕ್ಕ ದಿನ ಬರುವವರೆಗೆ ಕಾದಿಡಬೇಕು.

ಈ ನಕಲುಗಳನ್ನು ಹಿಡಿದು ಕಾಯುವ ಕುಲಕರ್ಣಿಗಳೇ ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳು. ಯಾವ ಹುಕುಮನ್ನು ಇಂದು ಓದಿಸಬೇಕು, ಯಾವದನ್ನು ವಾರ ಬಿಟ್ಟು ಓದಿಸಬೇಕು, ಯಾವದನ್ನು ಹರಿದು ಒಗೆಯಬೇಕು ಎಂಬುದು ಇವುಗಳ ಕೈಯಲ್ಲಿದೆ. ಇವು ಒಂದಲ್ಲ, ಅನೇಕ ಇವೆ. ಒಂದೊಂದಕ್ಕೆ ಒಂದೊಂದು ಹೊಣೆ. ಹುಕುಮನ್ನು ಅವಸರದಿಂದ ಒಡೆದರೆ ಏನಾಗುವದೆಂಬುದನ್ನು 1995ರಲ್ಲಿ ಅಮೇರಿಕದ ಶೋಧಕರು ಇಲಿಗಳಲ್ಲಿ ಮಾಡಿ ತೋರಿಸಿದರು. ದಫ್ತರವನ್ನು ಗಂಟುಕಟ್ಟುವ ಪ್ರೋಟೀನಿನ ಹುಕುಮು ದಿನಕ್ಕಿಂತ ಮುಂಚೆ ಜಾರಿಯಾಗುವಂತೆ ಅವರು ಮಾಡಿದಾಗ, ವೀರ್ಯಾಣುವಿನ ತಲೆಯು ಅಕಾಲದಲ್ಲಿ ಬಿಗಿದುಕೊಂಡು, ಬೆಳವಣಿಗೆಯು ಅರ್ಧಕ್ಕೇ ನಿಂತು, ಗಂಡು ಇಲಿಗಳು ಬಂಜೆಯಾದವು. 2005ರಲ್ಲಿ ಇದೇ ಹುಕುಮುಗಳನ್ನು ಕಾಯುವ ಒಂದು ಮುಖ್ಯ ಪ್ರೋಟೀನನ್ನೇ ಇಲಿಗಳಿಂದ ತೆಗೆದುಹಾಕಿ ನೋಡಲಾಯಿತು. ಆಗಲೂ ಫಲ ಅದೇ. ಕೆಲಸಗಾರರಿದ್ದಾರೆ, ಮೂಲ ದಫ್ತರವೂ ಶುದ್ಧವಾಗಿದೆ. ಆದರೆ ಕಾಗದ ಕಾಯುವವನಿಲ್ಲದೆ ಕಚೇರಿಯೇ ಹಾಳಾಯಿತು.

ಇದರಿಂದ ನಮ್ಮ ಊರಿನ ಹೋರಿಗೇನು ಎಂದು ವಾಚಕರು ಕೇಳಬಹುದು. ಎರಡು ಪಾಠಗಳಿವೆ. ಮೊದಲನೆಯದು ಮೈಕಟ್ಟಿನ ಪಾಠ. ನ್ಯಾನೋಸ್‌-2 ಎಂಬುದೊಂದು ಇಂಥ ಪ್ರೋಟೀನು. ಬೀಜದ ಮೂಲಕಣಗಳನ್ನು ಉಳಿಸುವದೇ ಅದರ ಕೆಲಸ. ಅಮೇರಿಕದ ವಾಶಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಶೋಧಕರೂ ಅವರ ಸಂಗಡಿಗರೂ ಅದನ್ನು ಹುಟ್ಟಿನಿಂದಲೇ ಇಲ್ಲದಂತೆ ಮಾಡಿದ ಇಲಿ, ಹಂದಿ, ಆಡು, ದನಗಳನ್ನು ಪಡೆದು 2020ರಲ್ಲಿ ಪ್ರಕಟಿಸಿದರು. ಬೇರೊಂದು ಒಳ್ಳೆಯ ಗಂಡಿನ ಮೂಲಕಣಗಳನ್ನು ಇಂಥವುಗಳಲ್ಲಿ ನಾಟಿಮಾಡಿ, ಅದರ ಬೀಜವನ್ನು ಇವುಗಳಿಂದ ಪಡೆಯಬೇಕೆಂಬುದು ಅವರ ಉದ್ದೇಶ. ಅದು ಪ್ರಯೋಗಶಾಲೆಯ ಮಾತು. ನಮ್ಮ ಹಳ್ಳಿಗೆ ಅದರ ಅವಸರವಿಲ್ಲ. ನಮಗೆ ಬೇಕಾದದ್ದು ಇಷ್ಟೇ: ಆ ಗಂಡುಗಳು ಮೈಯಲ್ಲಿ ಆರೋಗ್ಯವಾಗಿದ್ದವು, ವೃಷಣಗಳೂ ಇದ್ದವು, ಆದರೆ ತಮ್ಮದೆಂಬ ಒಂದು ವೀರ್ಯಾಣುವೂ ಅವುಗಳಲ್ಲಿ ಇರಲಿಲ್ಲ. ಮೈಕಟ್ಟು ಬೀಜಕ್ಕೆ ಸಾಕ್ಷಿಯಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಮನುಷ್ಯರಲ್ಲಿಯೂ ಹೀಗೆಯೇ. 1995ರಲ್ಲಿ, ವೀರ್ಯದಲ್ಲಿ ವೀರ್ಯಾಣುವೇ ಇಲ್ಲದ 89 ಗಂಡಸರನ್ನು ಪರೀಕ್ಷಿಸಲಾಗಿ, ಅವರಲ್ಲಿ 12 ಮಂದಿಗೆ ಗಂಡಸಿನ ವೈ ವರ್ಣತಂತುವಿನ ಒಂದು ತುಂಡು ಹುಟ್ಟಿನಿಂದಲೇ ಇಲ್ಲವೆಂದು ಕಂಡುಬಂದಿತು. ಆ ತುಂಡಿನಲ್ಲಿ ಡ್ಯಾಝ್ ಎಂಬ, ಆರ್‌ಎನ್‌ಎಗೆ ಅಂಟುವ ಪ್ರೋಟೀನಿನ ಹುಕುಮು ಇತ್ತು. ಆ ಗಂಡಸರ ಪೌರುಷದಲ್ಲಾಗಲಿ ಮೈಬಲದಲ್ಲಾಗಲಿ ಕೊರತೆ ಇರಬೇಕಾದುದೇನೂ ಇಲ್ಲ. ಮಕ್ಕಳಾಗದ ಮನೆಯಲ್ಲಿ ಸೊಸೆಯೊಬ್ಬಳನ್ನೇ ದೂರುವ ಹಿರಿಯರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟರೆ ಒಳಿತು. ಆಕಳಿಗೆ ಆಗುವ ಅನ್ಯಾಯವು ಸಂತೆಯಲ್ಲಿ ಮುಗಿಯುವದು. ಹೆಣ್ಣುಮಗಳಿಗೆ ಆಗುವ ಅನ್ಯಾಯವು ಜನ್ಮಪೂರ್ತಿ ಉಳಿಯುವದು.

ಎರಡನೆಯದು ಬಿಸಿಲಿನ ಪಾಠ. ನಮ್ಮ ಸೀಮೆಗೆ ಇದು ಹೆಚ್ಚು ಹತ್ತಿರದ್ದು. ವೃಷಣವನ್ನು ದೇವರು ಹೊಟ್ಟೆಯ ಒಳಗೆ ಇಡದೆ ಹೊರಗೆ ಜೋತುಬಿಟ್ಟದ್ದು ಸುಮ್ಮನಲ್ಲ. ಮೈಯ ಕಾವಿಗಿಂತ ಎರಡರಿಂದ ಆರು ಡಿಗ್ರಿ ಸೆಲ್ಸಿಯಸ್ ತಂಪಾಗಿದ್ದರೆ ಮಾತ್ರ ಹೋರಿಯಲ್ಲಿ ಬೀಜದ ಕೆಲಸ ಸುಸೂತ್ರವಾಗಿ ಸಾಗುವದು. 1997-98ರ ಸುಮಾರಿಗೆ ಜಪಾನಿನ ಶೋಧಕರು, ತಂಪಿನಲ್ಲಿ ಹೆಚ್ಚುವ ಮತ್ತು ಕಾವಿನಲ್ಲಿ ಇಳಿಯುವ, ಆರ್‌ಎನ್‌ಎಗೆ ಅಂಟುವ ಒಂದು ಪ್ರೋಟೀನನ್ನು ಕಂಡುಹಿಡಿದು, ಅದು ಇಲಿಯ ವೃಷಣದಲ್ಲಿ ಹೇರಳವಾಗಿರುವದೆಂದೂ, ವೃಷಣಕ್ಕೆ ಕಾವು ತಗುಲಿದರೆ ಅದು ಕಡಿಮೆಯಾಗುವದೆಂದೂ ತೋರಿಸಿದರು. ಆ ಪ್ರೋಟೀನು ಇಲ್ಲದ ಇಲಿಗಳಲ್ಲಿ ಬೀಜದ ಮೂಲಕಣಗಳು ಕಡಿಮೆಯಾಗುವದೂ ಮುಂದೆ ಕಂಡುಬಂದಿತು. ಬಿಸಿಲು ಬೀಜವನ್ನು ಕೆಡಿಸಲು ಇದೊಂದೇ ದಾರಿ ಎಂದು ತಿಳಿಯಬಾರದು. ಕಾವಿನಿಂದ ಕಣಗಳು ಬೇರೆ ಬೇರೆ ಬಗೆಯಿಂದ ಸಾಯುವವು. ಆದರೆ ಕಾಗದ ಕಾಯುವ ಕುಲಕರ್ಣಿಯೇ ಬಿಸಿಲಿಗೆ ಕಚೇರಿ ಬಿಟ್ಟು ಹೋಗುವನೆಂಬುದು ತಿಳಿದ ಮೇಲೆ ನಾವು ಎಚ್ಚರಗೊಳ್ಳಲೇಬೇಕು.

ಈಗ ನಮ್ಮ ಪಂಚಾಂಗವನ್ನು ತೆಗೆದು ನೋಡೋಣ. ಮೃಗಶಿರಾ ಮಳೆಯು ಜೂನ್ 7ರ ಸುಮಾರಿಗೆ ಕೂಡುವದು. ಮಳೆ ಬಿದ್ದು ಹಸಿರು ಕಾಣಿಸಿಕೊಂಡೊಡನೆ ಕಪ್ಪತಗುಡ್ಡದ ಇಕ್ಕೆಲಗಳ ಹಟ್ಟಿಗಳಲ್ಲಿ ಕುರಿಗಳು ಬೆದೆಗೆ ಬರುವವು; ಮೇವು ಕಂಡ ಆಕಳುಗಳೂ ಚೇತರಿಸಿಕೊಂಡು ಬೆದೆಗೆ ಬರುವವು. ಆ ದಿನ ಹೋರಿಯು ಕೊಡುವ ಬೀಜದ ಕೆಲಸ ಮೊದಲಾದದ್ದು ಎಪ್ಪತ್ತು ದಿನಗಳ ಹಿಂದೆ, ಅಂದರೆ ಯುಗಾದಿಯ ಆಸುಪಾಸಿನಲ್ಲಿ. ಅಲ್ಲಿಂದ ಮುಂದೆ ಚೈತ್ರ ವೈಶಾಖಗಳ ಉರಿಬಿಸಿಲಿನಲ್ಲಿಯೇ ಆ ಬೀಜವು ಬೆಳೆಯುವದು. ಅದೇ ಕಾಲದಲ್ಲಿ ನಾವು ಏನು ಮಾಡುತ್ತೇವೆ? ಬೆಳೆ ಇಲ್ಲದ ಬಯಲಲ್ಲಿ ಹೋರಿಯನ್ನು ನೆರಳಿಲ್ಲದೆ ಬಿಡುತ್ತೇವೆ. ಕೆರೆ ಬತ್ತಿರುವದರಿಂದ ಹೊತ್ತಿಗೊಮ್ಮೆ ನೀರು. ಒಣ ಕಣಿಕೆಯೇ ಮೇವು. ಟಗರು ಹಿಂಡಿನೊಡನೆ ಹಗಲೆಲ್ಲ ನಡೆಯುವದು. ಕಾವು ತಗುಲಿದ ಹೋರಿಯ ಬೀಜವು ಸುಮಾರು ಎರಡು ವಾರಗಳಲ್ಲಿ ಕೆಡತೊಡಗಿ, ಪುನಃ ಸರಿಹೋಗಲು ಎಂಟು ವಾರಗಳವರೆಗೆ ಹಿಡಿಯುವದುಂಟು. ಮಳೆ ಬಂತು, ಗಾಳಿ ತಂಪಾಯಿತು, ಹೋರಿ ಮದಿಸಿ ಗುಟುರು ಹಾಕಿತು. ಆದರೆ ಅದರ ಬೀಜ ಇನ್ನೂ ಬೇಸಿಗೆಯದು. ಬೆದೆಯ ಹಂಗಾಮೇ ಅಷ್ಟರಲ್ಲಿ ಕಳೆದುಹೋಗುವದು. ಬಿತ್ತನೆಯ ಹದ ತಪ್ಪಿದ ಹೊಲದಂತೆ ಹಟ್ಟಿಯೂ ಬರಿದಾಗುವದು.

ಕೆಲವರು ಹೇಳಬಹುದು: ನಮ್ಮ ಅಜ್ಜಂದಿರ ಕಾಲದಲ್ಲಿ ಇದಾವದೂ ಇಲ್ಲದೆ ದನಗಳು ಈಯುತ್ತಿರಲಿಲ್ಲವೇ? ಈಯುತ್ತಿದ್ದವು, ನಿಜ. ಆದರೆ ಆಗ ಊರಿಗೊಂದು ಗೋಮಾಳವೂ, ಗೋಮಾಳದಲ್ಲಿ ಬೇವು, ಬನ್ನಿ, ಜಾಲಿಗಳ ನೆರಳೂ, ಒಂದು ಹಿಂಡಿನಲ್ಲಿ ಒಂದಕ್ಕಿಂತ ಹೆಚ್ಚು ಹೋರಿಗಳೂ ಇರುತ್ತಿದ್ದವು. ಒಂದರ ಬೀಜ ಕೆಟ್ಟರೆ ಇನ್ನೊಂದು ಸುಧಾರಿಸಿಕೊಳ್ಳುತ್ತಿತ್ತು. ಈಗ ಹೋರಿ ಒಂದೇ, ನೆರಳು ಕಡಿಮೆ. ತಪ್ಪಿದರೆ ತಡೆಯುವವರಿಲ್ಲ.

ಇನ್ನು ಕೆಲವರು, ಸೂಜಿಯ ಬೀಜ ದವಾಖಾನೆಯಲ್ಲಿ ದೊರೆಯುವಾಗ ಹೋರಿಯ ಗೊಡವೆ ಏಕೆಂದು ಕೇಳಬಹುದು. ಕೃತ್ರಿಮ ಗರ್ಭಧಾರಣೆಯು ಹಿಂದುಸ್ಥಾನದಲ್ಲಿ ಮೊದಲಾದದ್ದೇ ನಮ್ಮ ಕನ್ನಡ ನಾಡಿನಲ್ಲಿ: 1939ರಲ್ಲಿ ಮೈಸೂರು ಅರಮನೆಯ ಹೈನುಗಾರಿಕೆಯ ಕ್ಷೇತ್ರದಲ್ಲಿ ಸಂಪತ್ ಕುಮಾರನ್ ಅವರು ಅದನ್ನು ನಡೆಯಿಸಿದರು. ಹೆಸರಘಟ್ಟದಲ್ಲಿ ಡೆನ್ಮಾರ್ಕ್ ದೇಶದ ಸಹಾಯದಿಂದ ಬೀಜವನ್ನು ಹೆಪ್ಪುಗಟ್ಟಿಸಿಡುವ ಕೇಂದ್ರವು 1969ರಲ್ಲಿ ಸ್ಥಾಪನೆಯಾಯಿತು. ದೊರೆತಲ್ಲಿ ಆ ಬೀಜವನ್ನು ಅವಶ್ಯವಾಗಿ ಬಳಸಬೇಕು. ಆದರೆ ಅಲ್ಲಿಯ ನಿಯಮವನ್ನು ನೋಡಿರಿ: ಕಾಲು ಮಿಲಿಲೀಟರಿನ ಒಂದು ಕಡ್ಡಿಯಲ್ಲಿ ಎರಡು ಕೋಟಿ ವೀರ್ಯಾಣುಗಳಿರಬೇಕು, ಕರಗಿಸಿದ ಮೇಲೆ ಅವುಗಳಲ್ಲಿ ನೂರಕ್ಕೆ ಐವತ್ತಾದರೂ ಚಲಿಸುತ್ತಿರಬೇಕು. ಇಲ್ಲವಾದರೆ ಎಷ್ಟೇ ಕುಲವಂತ ಹೋರಿಯದಾದರೂ ಆ ಬೀಜವನ್ನು ಚೆಲ್ಲಿಬಿಡುವರು. ಸರಕಾರವು ತನ್ನ ಹೋರಿಯನ್ನು ಪರೀಕ್ಷಿಸದೆ ನಂಬುವದಿಲ್ಲ. ನಾವು ಮಾತ್ರ ನಮ್ಮದನ್ನು ನಂಬುತ್ತೇವೆ. ಇದಲ್ಲದೆ, ಸೂಜಿಯ ಬೀಜವು ಹಟ್ಟಿಯ ಕುರಿಗಳಿಗೆ ಮುಟ್ಟಿಲ್ಲವೆಂಬಷ್ಟು ಕಡಿಮೆ; ಎಮ್ಮೆಗಳಿಗೂ ಊರ ಕೋಣವೇ ಗತಿಯಾದ ಹಳ್ಳಿಗಳು ಎಷ್ಟೋ ಇವೆ. ಕರಿಯ ಮೈಯ ಕೋಣಕ್ಕೆ ಬಿಸಿಲಿನ ಬಾಧೆ ಹೋರಿಗಿಂತಲೂ ಹೆಚ್ಚು.

ಹತ್ತಿಯ ಸೀಮೆಯವರಾದ ನಮಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಹತ್ತಿಕಾಳು ಹೈನಿಗೂ ದುಡಿಯುವ ಎತ್ತಿಗೂ ಒಳ್ಳೆಯ ಆಹಾರವೇ. ಆದರೆ ಅದರಲ್ಲಿ ಗಾಸಿಪಾಲ್ ಎಂಬ ವಿಷದ್ರವ್ಯವಿದ್ದು, ಎಳೆಯ ಹೋರಿಗೆ ಅದನ್ನು ಅತಿಯಾಗಿ ತಿನ್ನಿಸಿದರೆ ವೀರ್ಯಾಣುವಿನ ನಡುಭಾಗವು ಕೆಡುವದೆಂದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಎತ್ತಿಗೆ ಬೀಜದ ಚಿಂತೆಯಿಲ್ಲ. ಬೀಜದ ಹೋರಿಗೆ ಮಾತ್ರ ಹತ್ತಿಕಾಳನ್ನು ಮಿತಗೊಳಿಸಿ ಹುರುಳಿ, ಶೇಂಗಾಹಿಂಡಿ, ಹಸಿಮೇವುಗಳನ್ನು ಕೊಡುವದು ಲೇಸು.

ಇಲ್ಲಿಯ ವರೆಗೆ ಹೇಳಿದ್ದರಿಂದ, ಬೀಜ ಹೆಚ್ಚಿಸುವ ಔಷಧವೊಂದು ಸಿಕ್ಕಿತೆಂದು ಯಾರೂ ತಿಳಿಯಬಾರದು. ಕೆಟ್ಟ ಪ್ರೋಟೀನನ್ನು ಸರಿಪಡಿಸುವ ಪುಡಿಯಾಗಲಿ ಗುಳಿಗೆಯಾಗಲಿ ಇಲ್ಲ. ಸಂತೆಯಲ್ಲಿ ಹಾಗೆಂದು ಮಾರುವವನನ್ನು ನಂಬಲಾಗದು. ಹುಟ್ಟಿನಿಂದಲೇ ಕೊರತೆಯುಳ್ಳ ಹೋರಿಗೆ ಉಪಾಯವಿಲ್ಲ. ಅದನ್ನು ಗುರುತಿಸಿ, ಬೀಜ ಒಡೆಯಿಸಿ, ನೊಗಕ್ಕೆ ಹೂಡಬೇಕು. ಬಿಸಿಲಿನಿಂದ ಕೆಟ್ಟದ್ದಕ್ಕೆ ನೆರಳು, ನೀರು, ಕಾಲ ಇವೇ ಔಷಧ. ಹೊಸ ಶಾಸ್ತ್ರವು ನಮಗೆ ಕೊಟ್ಟದ್ದು ಔಷಧವನ್ನಲ್ಲ, ದಿನದ ಲೆಕ್ಕವನ್ನು. ಯಾವ ದಿನ ಎಚ್ಚರವಾಗಿರಬೇಕೆಂಬುದು ತಿಳಿದರೆ ಅರ್ಧ ಕೆಲಸ ಆದಂತೆಯೇ.

ಆದುದರಿಂದ ಊರಿನ ಹಿರಿಯರೂ, ಗೌಡರೂ, ಹಿಡುವಳಿದಾರರೂ ಕೂಡಿ ಈ ಕೆಳಗಿನ ಏರ್ಪಾಡುಗಳನ್ನು ಮಾಡಬೇಕೆಂದು ಸೂಚಿಸುತ್ತೇನೆ.

1. ಯುಗಾದಿಯ ದಿನದಿಂದ ಮೃಗಶಿರಾ ಮಳೆ ಕೂಡುವವರೆಗೆ ಊರ ಹೋರಿಯನ್ನೂ, ಕೋಣವನ್ನೂ, ಹಟ್ಟಿಯ ಟಗರನ್ನೂ ಹಗಲು ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ನೆರಳಿನಲ್ಲಿ ಕಟ್ಟತಕ್ಕದ್ದು. ಬೇವಿನ ಗಿಡದ ನೆರಳು ತಗಡಿನ ಚಪ್ಪರಕ್ಕಿಂತ ಮೇಲು. ಕುಡಿಯುವ ನೀರು ಹಗಲೆಲ್ಲ ಎದುರಿಗಿರಬೇಕು. ಕೋಣದ ಮೈಗೆ ದಿನಕ್ಕೆರಡು ಸಲ ನೀರು ಹಾಕಬೇಕು.

2. ಬೆದೆಯ ಹಂಗಾಮಿಗೆ ಎರಡು ತಿಂಗಳು ಮುಂಚೆ ಒಂದು ಸಲ, ಹಂಗಾಮಿನ ಬಾಗಿಲಲ್ಲಿ ಇನ್ನೊಂದು ಸಲ, ಪಶುವೈದ್ಯರಿಂದ ವೃಷಣಗಳನ್ನು ಮುಟ್ಟಿ ನೋಡಿಸಿ, ಪಟ್ಟಿಯಿಂದ ಅಳೆಯಿಸಿ, ಬೀಜವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸತಕ್ಕದ್ದು. ಗದಗಿನಲ್ಲಿಯೇ ಪಶುವೈದ್ಯಕೀಯ ಕಾಲೇಜು ಇರುವಾಗ ಈ ಸಲಹೆಗಾಗಿ ದೂರ ಹೋಗಬೇಕಾದುದಿಲ್ಲ. ಕಂದು ಹಾಕಿಸುವ ರೋಗವು ಹೋರಿಯಲ್ಲಿ ಇದೆಯೇ ಎಂಬುದನ್ನೂ ಆಗಲೇ ನೋಡಿಸುವದು ಲೇಸು.

3. ಊರಿಗೆ ಒಂದು ಹೋರಿಯ ವಹಿಯನ್ನು ಇಡತಕ್ಕದ್ದು. ಯಾರ ಆಕಳಿಗೆ ಯಾವ ದಿನ ಹೋರಿ ಹಾರಿತು, ಮೂರು ವಾರದ ಮೇಲೆ ಅದು ತಿರುಗಿ ಬೆದೆಗೆ ಬಂದಿತೋ ಇಲ್ಲವೋ, ಇಷ್ಟನ್ನು ಬರೆದರೆ ಸಾಕು. ಒಂದು ಆಕಳು ತಿರುಗಿ ಬಂದರೆ ಆಕಳನ್ನು ನೋಡಿಸಿರಿ. ಅನೇಕ ಆಕಳುಗಳು ತಿರುಗಿ ಬಂದರೆ ಹೋರಿಯನ್ನು ನೋಡಿಸಿರಿ.

4. ಈ ವಹಿಯನ್ನು ನೋಡದೆ, ಪಶುವೈದ್ಯರನ್ನು ಕೇಳದೆ, ಯಾವ ಆಕಳನ್ನೂ ಗೊಡ್ಡೆಂದು ಸಂತೆಗೆ ಹೊಡೆಯಬಾರದು.

5. ಸಾಧ್ಯವಿದ್ದಲ್ಲಿ ಎರಡು ಮೂರು ಊರವರು ಕೂಡಿ ಎರಡು ಹೋರಿಗಳನ್ನು ಸಾಕತಕ್ಕದ್ದು. ಒಂದು ಬಳಲಿದಾಗ ಇನ್ನೊಂದು ನಿಲ್ಲುವದು.

ಇವುಗಳಿಗೆ ತಗುಲುವ ವೆಚ್ಚವನ್ನು ಒಂದು ಆಕಳನ್ನು ಗೊಡ್ಡೆಂದು ಮಾರಿದಾಗ ಆಗುವ ನಷ್ಟದೊಡನೆ ತೂಗಿ ನೋಡಿದರೆ ನಾನು ಹೆಚ್ಚು ಹೇಳಬೇಕಾದುದಿಲ್ಲ. ಬಡ ಒಕ್ಕಲಿಗನು ತನ್ನೊಂದು ಆಕಳಿಗಾಗಿ ಹೋರಿಯನ್ನು ಪರೀಕ್ಷಿಸಲಾರನು. ಅವನು ಊರ ಹೋರಿಯನ್ನು ನಂಬಿ ಬದುಕುವವನು. ಹೋರಿ ತಪ್ಪಿದರೆ ಮೊದಲು ಹಾಲು ತಪ್ಪುವದು ಅವನ ಮಕ್ಕಳಿಗೆ, ಮೊದಲು ಎತ್ತು ತಪ್ಪುವದು ಅವನ ನೊಗಕ್ಕೆ. ಹತ್ತು ಆಕಳುಗಳುಳ್ಳ ಮನೆಯು ಒಂದು ವರ್ಷದ ಹಾನಿಯನ್ನು ಸಹಿಸಬಹುದು, ಒಂದೇ ಆಕಳುಳ್ಳ ಮನೆಯು ಸಹಿಸಲಾರದು. ಊರಿನ ಹಿರಿತನವೆಂದರೆ ಇಂಥ ಸಣ್ಣ ಮನೆಗಳ ಹೊಣೆಯೇ ಅಲ್ಲವೇ? ಬರುವ ಯುಗಾದಿಯಂದು ಪಂಚಾಂಗವನ್ನು ಓದಿಸಿ ಮಳೆ-ಬೆಳೆಗಳ ಫಲ ಕೇಳುವಾಗ, ಊರ ಹೋರಿಯು ಎಲ್ಲಿ ನಿಂತಿದೆ, ನೆರಳಿನಲ್ಲಿಯೋ ಬಿಸಿಲಿನಲ್ಲಿಯೋ ಎಂಬುದನ್ನೂ ಒಮ್ಮೆ ವಿಚಾರಿಸಬೇಕೆಂದು ವಾಚಕರಲ್ಲಿ ವಿನಂತಿ.